ಹಾಸ್ಟೆಲ್ ಫಾರಂ ಜೊತೆ ಒಂದು ನಕ್ಷೆ ಕೊಡಿ

ಮಾನ್ಯ ಸಂಪಾದಕರೇ,

ಯಾವ ಕೋರ್ಸಿಗೆ ಸೇರಬೇಕು, ಯಾವ ಕಾಲೇಜು ಒಳ್ಳೆಯದು ಅಂತ ಪ್ರವೇಶದ ಸಮಯದಲ್ಲಿ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರುತ್ತದೆ. ಹಾಸ್ಟೆಲ್‌ನಲ್ಲಿ ಯಾವ ಕೋಣೆ ಹಿಡಿಯಬೇಕು ಅಂತ ಬರೆದವರನ್ನು ನಾನು ಕಂಡಿಲ್ಲ. ಮಕ್ಕಳು ದಿನದ ಅರ್ಧಕ್ಕಿಂತ ಜಾಸ್ತಿ ಹೊತ್ತು ಇರುವುದು ಅಲ್ಲೇ ಅಲ್ವಾ? ಎರಡು ವರ್ಷದ ಹಿಂದೆ ಮಗಳನ್ನು ಬಿಟ್ಟು ಬಂದವಳು, ಈಗ ಮಗನ ಫಾರಂ ಮುಂದಿಟ್ಟುಕೊಂಡು ಕೂತಿದ್ದೇನೆ. ಅದಕ್ಕೇ ಈ ಪತ್ರ.

ಮಗಳ ಫಾರಂನಲ್ಲಿ ಕೇಳಿದ್ದು ಎರಡೇ: ಎಷ್ಟು ಜನರ ಕೋಣೆ, ಎಸಿ ಬೇಕಾ ಬೇಡ್ವಾ. ಹಗಲು ಹನ್ನೊಂದು ಗಂಟೆಗೆ ಹೋಗಿ ನೋಡಿದೆವು. ಗಾಳಿ ಬೆಳಕು ಚೆನ್ನಾಗಿತ್ತು. ನಾನು ಟೇಪು ಹಿಡಿದು ಮಂಚ, ಕಪಾಟು ಎಲ್ಲ ಅಳೆದೆ. ಪ್ಲಗ್ ಪಾಯಿಂಟ್ ಎಣಿಸಿದೆ. ಭಾರೀ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಎದುರಿಗೇ ಬಚ್ಚಲಿನ ಬಾಗಿಲು. ಹತ್ತಿರ ಇದ್ದರೆ ಒಳ್ಳೆಯದೇ ಅಂತ ಬೇರೆ ಹೇಳಿದ್ದೆ.

ಆ ಬಾಗಿಲಿಗೆ ಸ್ಪ್ರಿಂಗ್ ಇತ್ತು. ಯಾರು ಹೋಗಿ ಬಂದರೂ ಧಡ್ ಅಂತ ಬಡಿದುಕೊಳ್ಳುತ್ತಿತ್ತು. ಇಡೀ ಮಹಡಿಗೆ ಅದೊಂದೇ. ರಾತ್ರಿ ಎರಡು ಗಂಟೆಗೂ ಧಡ್. ಮಲಗುವ ಕೋಣೆಯಲ್ಲಿ ರಾತ್ರಿಯ ಸದ್ದು ಸರಾಸರಿ 30 ಡೆಸಿಬಲ್, ಆಗೊಮ್ಮೆ ಈಗೊಮ್ಮೆ ಕೇಳುವ ಸದ್ದು 45 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಆ ಬಾಗಿಲಿಗೆ ಅದನ್ನು ಹೇಳುವವರು ಯಾರು? ಮಗಳು ದೂರು ಕೊಟ್ಟಳು, ‘ನೋಡೋಣ’ ಅಂದರು. ಕೊನೆಗೆ ಅವಳೇ ಹಳೇ ಪೇಪರನ್ನು ದಪ್ಪಗೆ ಮಡಿಸಿ, ರಬ್ಬರ್ ಬ್ಯಾಂಡ್ ಸುತ್ತಿ, ಚೌಕಟ್ಟಿನ ಸಂದಿಗೆ ತುರುಕಿದಳು. ಧಡ್ ಹೋಗಿ ದಪ್ ಆಯಿತು. ವಾರ ಕಳೆಯುವಷ್ಟರಲ್ಲಿ ಅದು ನೀರು ಕುಡಿದು ಮುದ್ದೆ, ಮತ್ತೆ ಹೊಸದು. ಪತ್ರಿಕೆಯಿಂದ ಅವಳಿಗಾದ ದೊಡ್ಡ ಉಪಕಾರ ಅದೇ, ಬೇಸರ ಮಾಡ್ಕೋಬೇಡಿ.

ಎರಡನೇ ವರ್ಷ ಹಟ ಹಿಡಿದು ಕೋಣೆ ಬದಲಾಯಿಸಿದಳು. ಮೇಲಿನ ಮಹಡಿ, ಕೊನೇ ಮೂಲೆ. ಸದ್ದೇನೋ ಇಲ್ಲ. ಆದರೆ ಹಗಲೆಲ್ಲ ಕಾದ ತಾರಸಿ ರಾತ್ರಿ ಆ ಬಿಸಿಯನ್ನು ಕೆಳಗೆ ಬಿಡುತ್ತದೆ. ಟ್ಯಾಂಕು ತಲೆಯ ಮೇಲೇ ಇರುವುದರಿಂದ ನಲ್ಲಿಯಲ್ಲಿ ನೀರಿಗೆ ರಭಸವಿಲ್ಲ. ಅದೆಲ್ಲ ಹೋಗಲಿ. ಒಂದು ದಿನ ಫೋನಿನಲ್ಲಿ, “ಅಮ್ಮ, ಇಲ್ಲಿ ಯಾರೂ ಬರೋದೇ ಇಲ್ಲ” ಅಂದಳು.

ಮೊದಲ ವರ್ಷ ಬ್ರಷ್ ಹಿಡಿದು ಬಚ್ಚಲಿಗೆ ಕಾಯುತ್ತಾ ನಿಂತವರೆಲ್ಲ ಅವಳ ಕೋಣೆಗೆ ಇಣುಕಿ ಮಾತಾಡಿಸಿ ಹೋಗುತ್ತಿದ್ದರಂತೆ. ಈಗಿನ ಗೆಳತಿಯರೆಲ್ಲ ಆ ಸಾಲಿನವರೇ. ಅವಳು ಓದುವುದು ಮನಃಶಾಸ್ತ್ರ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ವಿವಾಹಿತ ವಿದ್ಯಾರ್ಥಿಗಳ ವಸತಿ ಕಟ್ಟಡಗಳಲ್ಲಿ ಲಿಯಾನ್ ಫೆಸ್ಟಿಂಗರ್ ಅನ್ನುವ ಮನಃಶಾಸ್ತ್ರಜ್ಞ ಮತ್ತು ಜೊತೆಗಾರರು ಮಾಡಿದ ಅಧ್ಯಯನದ ಬಗ್ಗೆ ಹೇಳಿದಳು. ಅದು ಪ್ರಕಟವಾದದ್ದು 1950ರಲ್ಲಿ. ಪಕ್ಕದ ಬಾಗಿಲಿನವರನ್ನು ಸ್ನೇಹಿತರು ಅಂದವರು ಶೇ 41, ಅದೇ ಮಹಡಿಯ ಇನ್ನೊಂದು ತುದಿಯವರನ್ನು ಅಂದವರು ಶೇ 10. ಮೆಟ್ಟಿಲ ಬುಡದ ಮನೆಯವರಿಗೆ ಮೇಲಿನ ಮಹಡಿಯವರೂ ಜಾಸ್ತಿ ಪರಿಚಯ. ನಾನು ಟೇಪು ಹಿಡಿದು ಅಳೆದದ್ದರಲ್ಲಿ ಇದು ಎಲ್ಲೂ ಇರಲಿಲ್ಲ ನೋಡಿ.

ಈಗ ಮಗನ ಕಥೆ. ಇವನು ಮಲಗಿದರೆ ಪಕ್ಕದಲ್ಲಿ ಡೋಲು ಬಾರಿಸಿದರೂ ಏಳುವವನಲ್ಲ. ಹೊಸಬರ ಹತ್ತಿರ ತಾನಾಗಿ ಬಾಯಿ ಬಿಡುವವನೂ ಅಲ್ಲ. ಅವನಿಗೆ ಮೂಲೆಯಲ್ಲಿ ಒಬ್ಬರ ಕೋಣೆ ಬೇಕಂತೆ. ನಾನು ಮೆಟ್ಟಿಲ ಪಕ್ಕದ್ದು, ಇಬ್ಬರದು ಅನ್ನುತ್ತೇನೆ. ಮಗಳ ಹಾಗೆ ಎಚ್ಚರದ ನಿದ್ದೆಯವರಿಗೆ ಈ ಮಾತು ಹೇಳಲಾರೆ. ಇವನಿಗೆ ಹೇಳಬಲ್ಲೆ.

ಆದರೆ ಸುಮ್ನೆ ಜಗಳ ಆಡಿ ಏನು ಪ್ರಯೋಜನ? ಮೆಟ್ಟಿಲು ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿಲ್ಲ. ಈ ಫಾರಂನಲ್ಲೂ ಅವೇ ಎರಡು ಪ್ರಶ್ನೆ. ಜೊತೆಗೆ ಒಂದು ಫೋಟೊ: ಯಾರೂ ವಾಸವಿಲ್ಲದ ಕೋಣೆ, ಮೇಜಿನ ಮೇಲೆ ಹೂದಾನಿ. ಕಾಲೇಜಿನವರು ಆ ಹೂದಾನಿ ತೆಗೆದು ಮಹಡಿಯ ನಕ್ಷೆ ಹಾಕಲಿ. ಮೆಟ್ಟಿಲು, ಬಚ್ಚಲು, ನೀರಿನ ಮೋಟರು, ಜನರೇಟರ್, ಬೆಂಕಿ ಬಿದ್ದರೆ ಓಡುವ ದಾರಿ ಎಲ್ಲ ಅದರಲ್ಲಿರಲಿ. ಕಟ್ಟುವಾಗ ಬರೆಸಿದ ನಕ್ಷೆ ಇರಬೇಕಲ್ಲ, ಜೆರಾಕ್ಸ್ ಮಾಡಿಸಿದರೆ ಸಾಕು. ರಾತ್ರಿ ಒಂದು ಸಲ ಬಂದು ನೋಡಲು ಬಿಟ್ಟರೆ ಇನ್ನೂ ಒಳ್ಳೆಯದು. ಅದಾಗದಿದ್ದರೆ, ಅದೇ ಮಹಡಿಯಲ್ಲಿ ಒಂದು ವರ್ಷ ಮಲಗಿ ಎದ್ದವರ ಜೊತೆ ಹತ್ತು ನಿಮಿಷ ಮಾತಾಡಲು ಬಿಡಲಿ.

ಶುಕ್ರವಾರ ಫಾರಂ ಕೊಡಲು ಕೊನೆಯ ದಿನ. ಮಗ ‘ಒಬ್ಬರ ಕೋಣೆ’ಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿದ್ದಾನೆ. ರಬ್ಬರ್ ನನ್ನ ಹತ್ತಿರ ಇದೆ.

– ಇಬ್ಬರು ಮಕ್ಕಳ ತಾಯಿ