ಅನಾಪ್ಲಾಸ್ಮಾ ಲಸಿಕೆ: ಗುಂಪಿನವರ ಗಮನಕ್ಕೆ

ಉಣುಗಿನಿಂದ ಹರಡಿ ಹಸುವಿನ ಕೆಂಪು ರಕ್ತಕಣದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅನಾಪ್ಲಾಸ್ಮಾ ಮಾರ್ಜಿನೇಲ್‌ಗೆ ಸತ್ತ ಬ್ಯಾಕ್ಟೀರಿಯಾದ ಲಸಿಕೆ ಯಾಕೆ ಸಾಲುವುದಿಲ್ಲ ಎಂದು ಹಲವರು ಕೇಳಿದ್ದೀರಿ. ಈ ಬ್ಯಾಕ್ಟೀರಿಯಾ ತನ್ನ ಹೊರಪೊರೆಯ ಎಂಎಸ್‌ಪಿ-2 ಪ್ರೋಟೀನನ್ನು ಬದಲಿಸುತ್ತಲೇ ಇರುತ್ತದೆ. ಹಸುವಿನ ದೇಹ ಒಂದು ರೂಪ ಗುರುತಿಸುವಷ್ಟರಲ್ಲಿ ಇನ್ನೊಂದು ರಕ್ತದಲ್ಲಿ ಹಬ್ಬಿರುತ್ತದೆ. ಹಾಗಾಗಿಯೇ ಪಶುವೈದ್ಯ ವಿಜ್ಞಾನಿ ಆರ್ನಾಲ್ಡ್ ಥೈಲರ್ ದಕ್ಷಿಣ ಆಫ್ರಿಕಾದಲ್ಲಿ ನೂರು ವರ್ಷಕ್ಕೂ ಹಿಂದೆ ಗುರುತಿಸಿದ ಸೌಮ್ಯ ಸಂಬಂಧಿ ಅನಾಪ್ಲಾಸ್ಮಾ ಸೆಂಟ್ರೇಲ್ ಆಸ್ಟ್ರೇಲಿಯಾ, ಇಸ್ರೇಲ್‌ಗಳಲ್ಲಿ ಜೀವಂತ ಲಸಿಕೆಯಾಗಿ ಉಳಿದಿದೆ. ಜೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತದ ಸ್ಮಿಯರ್‌ನಲ್ಲಿ ಮಾರ್ಜಿನೇಲ್ ಕೆಂಪುಕಣದ ಅಂಚಿಗೆ ಚುಕ್ಕಿಯಾಗಿ ಕೂತಿರುತ್ತದೆ, ಸೆಂಟ್ರೇಲ್ ನಡುವಿನತ್ತ.

ಗುಲ್ಮ ತೆಗೆದ ಕರುವಿನ ರಕ್ತದಲ್ಲೇ ಲಸಿಕೆಯ ಸೆಂಟ್ರೇಲನ್ನು ಬೆಳೆಸುವುದರಿಂದ, ದಾನಿ ಕರುವಿನಲ್ಲಿ ಬೇರೆ ಸೋಂಕಿದ್ದರೆ ಅದೂ ಲಸಿಕೆಯ ಜೊತೆ ಹೋಗುತ್ತದೆ. ಪರೀಕ್ಷೆ ಬಿಡುವಂತೆಯೇ ಇಲ್ಲ.

ಆಸ್ಟ್ರೇಲಿಯಾದ ಕ್ರಮ: 3ರಿಂದ 9 ತಿಂಗಳ ಕರುವಿಗೆ 2 ಮಿ.ಲೀ. ರಕ್ಷಣೆ ಕೂಡಿಬರಲು ಸುಮಾರು 2 ತಿಂಗಳು ಬೇಕು; ನಡುವೆ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಟ್ಟರೆ ಲಸಿಕೆಯ ಜೀವಾಣುವೇ ಸಾಯಬಹುದು. ದೊಡ್ಡ ಹಸುಗಳಲ್ಲಿ ಪ್ರತಿಕ್ರಿಯೆ ಜೋರು, ಒಸಡು ಬಿಳಿಚಿದೆಯೇ (ರಕ್ತಹೀನತೆಯ ಗುರುತು) ನೋಡುತ್ತಿರಿ.