ಎಕ್ಲೆಸಾಲ್ ಕಾಡಿನ ಆ ಅಜ್ಜಿಗೆ ಥ್ಯಾಂಕ್ಸ್

ಇಂಗ್ಲೆಂಡಿನ ಶೆಫೀಲ್ಡ್‌ನ ಎಕ್ಲೆಸಾಲ್ ವುಡ್ಸ್‌ನಲ್ಲಿ ಹೋದ ಭಾನುವಾರ ಸಿಕ್ಕಿದ ಅಜ್ಜಿಗೆ ಈ ಥ್ಯಾಂಕ್ಸ್. ಹೆಸರು ಕೇಳೋಣ ಅನ್ನುವಷ್ಟರಲ್ಲಿ ಅವರ ನಾಯಿ ಅವರನ್ನು ಎಳೆದುಕೊಂಡು ಹೊರಟೇಬಿಟ್ಟಿತು.

ಏಪ್ರಿಲ್ ಬಂದರೆ ಅಲ್ಲಿ ತೊರೆಯ ಬದಿಯಲ್ಲೆಲ್ಲ ಕಾಡು ಬೆಳ್ಳುಳ್ಳಿ ಸೊಪ್ಪು. ವಾಸನೆ ಬಂತಲ್ಲ, ಸಾಕು ಅಂತ ಸುಮ್ನೆ ಕೈತುಂಬ ಕೀಳುವವರೇ ಜಾಸ್ತಿ. ಅಜ್ಜಿ ನಮ್ಮ ಪಕ್ಕ ಬಗ್ಗಿ, ಆ ಸೊಪ್ಪಿನ ನಡುವೆಯೇ ಎದ್ದಿದ್ದ ಇನ್ನೊಂದು ಎಲೆ ತೋರಿಸಿದರು. ಲಾರ್ಡ್ಸ್ ಅಂಡ್ ಲೇಡೀಸ್ ಅಂತೆ, ವಿಷದ ಗಿಡ. ಎಳೆಯದಿದ್ದಾಗ ಎರಡೂ ಹೆಚ್ಚುಕಮ್ಮಿ ಒಂದೇ ಥರ. ಆದರೆ ಅದರ ಎಲೆಯಲ್ಲಿ ನರಗಳು ಬಲೆಯ ಹಾಗೆ ಹರಡಿರುತ್ತವೆ. ಬೆಳ್ಳುಳ್ಳಿ ಸೊಪ್ಪಿನಲ್ಲಿ ಉದ್ದುದ್ದ ಸಾಲು. ನಾಲ್ಕೆಲೆ ಕಿತ್ತ ಮೇಲೆ ಬೆರಳೇ ಘಂ ಅನ್ನುತ್ತದೆ, ಆಮೇಲೆ ಮೂಗನ್ನು ನಂಬಬೇಡಿ, ಒಂದೊಂದೇ ಎಲೆ ನೋಡಿ ಕೀಳಿ ಅಂದರು. ಗೆಡ್ಡೆ ಮಾತ್ರ ಕೀಳಬೇಡಿ ಅಂತಲೂ ಹೇಳಿದರು. ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ ಕಾಡುಗಿಡ ಬೇರುಸಮೇತ ಕೀಳುವುದನ್ನು ಇಲ್ಲಿನ 1981ರ ವನ್ಯಜೀವಿ ಕಾನೂನೂ ಒಪ್ಪುವುದಿಲ್ಲ.

ಕಡ್ಲೆಬೇಳೆ, ಒಣಮೆಣಸಿನಕಾಯಿ ಹುರಿದು ಹಾಕಿ ಆ ಸೊಪ್ಪಿನ ಚಟ್ನಿ ರುಬ್ಬಿದೆವು ಅಜ್ಜಿ. ದೋಸೆಗೆ ಭರ್ಜರಿಯಾಗಿತ್ತು. ಮಗಳಂತೂ ಈಗ ಅಂಗಡಿಯ ಪಾಲಕ್ಕನ್ನೂ ತಿರುಗಿಸಿ ನರ ನೋಡುತ್ತಾಳೆ! ಮತ್ತೆ ಸಿಕ್ಕರೆ ಒಂದು ಡಬ್ಬಿ ಚಟ್ನಿ ನಿಮಗೆ. ಖಾರ ಕಮ್ಮಿ ಹಾಕಿರುತ್ತೇವೆ.