ಯಾವ ಕೋರ್ಟು ಎಂದು ದಾರಿ ತೋರಿಸಿದವರಿಗೆ

ನಮ್ಮ ಜಮೀನಿನ ಪಾಲಿನ ದಾವೆ ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಮುಗಿಯಿತು. ಅಣ್ಣ, ಅಕ್ಕ, ನಾನು ಮೂವರೂ ಸಹಿ ಹಾಕಿದೆವು. ಕೈ ಹಿಡಿದು ನಡೆಸಿದವರಿಗೆ ಎಲ್ಲರ ಎದುರೇ ನಾಲ್ಕು ಮಾತು ಹೇಳಬೇಕು ಅನ್ನಿಸಿತು.

ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ಜಮೀನಿನ ದಾಖಲೆಯಾದ ಪಹಣಿಯಲ್ಲಿ ಅಣ್ಣನ ಹೆಸರೊಂದೇ ಉಳಿದಿತ್ತು. ಜಮೀನು ಹಾವೇರಿ ಜಿಲ್ಲೆಯಲ್ಲಿ, ನಾನಿರುವುದು ಬೆಂಗಳೂರಿನಲ್ಲಿ. ಇಲ್ಲೇ ಕೇಸು ಹಾಕಿ ಅಂದವರು ಬೇಕಾದಷ್ಟು ಜನ. ಸೀದಾ ಹೈಕೋರ್ಟಿಗೇ ಹೋಗಿ ಅಂದವರೂ ಇದ್ದರು! ತಡೆದವರು ನಮ್ಮ ಬೀದಿಯಲ್ಲಿರುವ ನಿವೃತ್ತ ಶಿರಸ್ತೇದಾರರು. "ಜಮೀನು ಎಲ್ಲಿದೆಯೋ ದಾವೆನೂ ಅಲ್ಲೇ ಕಣಮ್ಮ. ವಕೀಲರನ್ನೂ ಅಲ್ಲೇ ನೋಡ್ಕೋ. ಇಲ್ಲಿಂದ ಕರ್ಕೊಂಡು ಹೋದ್ರೆ ಪ್ರತಿ ವಾಯಿದೆಗೂ ಅವರ ಬಸ್ಸು, ಲಾಡ್ಜು ಎಲ್ಲ ನಿನ್ನ ತಲೆ ಮೇಲೆ." ಮುಂದೆ ಹೈಕೋರ್ಟಿಗೆ ಹೋಗಬೇಕಾಗಿ ಬಂದರೂ ನಮ್ಮ ಜಿಲ್ಲೆಗೆ ಧಾರವಾಡ ಪೀಠ ಅಂತಲೂ ಅವರೇ ಹೇಳಿದರು. ಸರ್, ನಿಮಗೆ ಮೊದಲ ನಮಸ್ಕಾರ.

ತಾಲ್ಲೂಕು ಕಾನೂನು ಸೇವಾ ಸಮಿತಿಯವರಿಗೂ ಥ್ಯಾಂಕ್ಸ್. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟಿದ್ದರೂ ಸರಿ. ಇದು ಎಷ್ಟು ಮನೆಗಳಿಗೆ ಗೊತ್ತಿದೆ ಹೇಳಿ? 15100ಕ್ಕೆ ಫೋನ್ ಮಾಡಿದರೂ ವಿಚಾರಿಸಬಹುದು.

ಅಲ್ಲಿ ಸಿಕ್ಕ ವಕೀಲ ಮೇಡಂ ಬಗ್ಗೆ ಎಷ್ಟು ಬರೆದರೂ ಕಡಿಮೆ. ಮನೆ ಜಗಳದ ಕಥೆ ಶುರು ಮಾಡಿದೆ. ಅವರು ಕೈ ಚಾಚಿ, "ಪಹಣಿ ತಂದೀರೇನ್ರಿ?" ಅಂದರು. ಕೆಂಪು ಪೆನ್ನಿನಲ್ಲಿ, ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂಗೆ ಗುರುತು ಹಾಕಿದರು. ವಂಶವೃಕ್ಷದಲ್ಲಿ ಅಕ್ಕನ ಹೆಸರಿನ ಒಂದು ಅಕ್ಷರ ತಪ್ಪಿದ್ದನ್ನು ಹಿಡಿದರು. "ಪಹಣಿಯೊಳಗಿನ ಹೆಸರಿನ ತಕರಾರು ತಹಶೀಲ್ದಾರ್, ಅಸಿಸ್ಟೆಂಟ್ ಕಮಿಷನರ್ ಕಡೆ ಹೋಗತೈತಿ. ಪಾಲು ಎಷ್ಟು ಅಂತ ಹೇಳೂದು ಸಿವಿಲ್ ಕೋರ್ಟು. ಎರಡೂ ಕಲಸಬ್ಯಾಡ್ರಿ." ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂಬ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯನ್ನು ಅಣ್ಣನಿಗೂ ಸಮಾಧಾನದಿಂದ ಬಿಡಿಸಿ ಹೇಳಿದರು. ಎದುರು ಪಾರ್ಟಿಯ ಜೊತೆ ಅಷ್ಟು ಮರ್ಯಾದೆಯಿಂದ ಮಾತಾಡುವವರು ಕಡಿಮೆ. ರಾಜಿಗೆ ದಾರಿಯಾಗಿದ್ದೇ ಅದು ಅಂತ ನನ್ನ ನಂಬಿಕೆ.

ಅಣ್ಣಾ, ನಿನಗೂ ಥ್ಯಾಂಕ್ಸ್ ಕಣೋ. ಹಟ ಹಿಡಿದಿದ್ದರೆ ಇನ್ನೂ ಎಷ್ಟು ವರ್ಷ ಎಳೆಯಬಹುದಿತ್ತು. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಅಪೀಲಿಲ್ಲ, ಕಟ್ಟಿದ ಕೋರ್ಟ್ ಫೀ ಕೂಡ ವಾಪಸ್.

ಇನ್ನು ಮ್ಯುಟೇಷನ್, ಅಂದರೆ ಪಹಣಿಯಲ್ಲಿ ಹೆಸರು ಬದಲಾಯಿಸುವುದು, ಬಾಕಿ ಇದೆ. ಮತ್ತೆ ತಹಶೀಲ್ದಾರ್ ಕಚೇರಿಗೇ ಹೋಗಬೇಕು. ಈ ಸಲ ಕೈಯಲ್ಲಿ ಕೋರ್ಟಿನ ಕಾಗದ ಇದೆ, ಪಕ್ಕದಲ್ಲಿ ಅಣ್ಣನೂ ಇರುತ್ತಾನೆ.